‘ತಾಳೆ ನೋಡಿ’ಯಿಂದ ‘ಸಾಧಿಸಿ’ಯವರೆಗೆ: ಕುಂಬಾರಕೊಪ್ಪಲಿನಿಂದ ಗಣಸಿದ್ಧಾಂತಕ್ಕೊಂದು ದಾರಿ

ಮೈಸೂರು: ಗಣಿತದ ಪ್ರಶ್ನೆಪತ್ರಿಕೆಯಲ್ಲಿ ಒಂದು ಕ್ರಿಯಾಪದ ಬದಲಾದರೆ ಉತ್ತರದ ಸ್ವರೂಪವೇ ಬದಲಾಗುತ್ತದೆ. ‘ತಾಳೆ ನೋಡಿ’ ಎಂದು ಕೇಳಿದಾಗ ವಿದ್ಯಾರ್ಥಿಯು ಕೊಟ್ಟಿರುವ ಗಣಗಳನ್ನು ಸಮೀಕರಣದ ಎರಡೂ ಬದಿಗಳಲ್ಲಿ ಇರಿಸಿ, ಒಂದೇ ಉತ್ತರ ಬಂದಿತೆಂದು ತೋರಿಸಿದರೆ ಸಾಕು. ‘ಸಾಧಿಸಿ’ ಎಂದು ಕೇಳಿದಾಗ ಯಾವ ಗಣವನ್ನೂ ಕೊಟ್ಟಿರುವುದಿಲ್ಲ. ಯಾವ ಗಣಗಳನ್ನೇ ತೆಗೆದುಕೊಂಡರೂ ಎರಡು ಬದಿಗಳು ಸಮವಾಗಿಯೇ ಇರುತ್ತವೆ ಎಂಬುದನ್ನು ವಾದದಿಂದ ತೋರಿಸಬೇಕು. ಮೊದಲನೆಯದರಲ್ಲಿ ಪೂರ್ಣ ಅಂಕ ಪಡೆದ ವಿದ್ಯಾರ್ಥಿ ಎರಡನೆಯದರಲ್ಲಿ ಜಾಗ ಖಾಲಿ ಬಿಟ್ಟು ಬರುವುದು, ಇಲ್ಲವೇ ಮೂರು ವೃತ್ತಗಳನ್ನು ಎಳೆದು ಕೈತೊಳೆದುಕೊಳ್ಳುವುದು ಅಪರೂಪವೇನಲ್ಲ.

ಕರ್ನಾಟಕದಲ್ಲಿ ಈ ತೊಡಕು ಈಗ ಒಂದು ಮೆಟ್ಟಿಲು ಮೇಲಕ್ಕೆ ಸರಿದಿದೆ. ‘ಗಣಗಳು’ ಎಂಬ ಪಾಠ ಹಿಂದೆ ರಾಜ್ಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿ ಗಣಿತದಲ್ಲೇ ಇತ್ತು. 2018-19ರಲ್ಲಿ ಹತ್ತನೆಯ ತರಗತಿಗೆ ಎನ್‌ಸಿಇಆರ್‌ಟಿ ಗಣಿತ ಪಠ್ಯ ಬಂದ ಮೇಲೆ ಅದು ಅಲ್ಲಿಂದ ಹೊರಬಿದ್ದಿತು. ಈಗ ಪ್ರಥಮ ಪಿಯುಸಿ ಗಣಿತ ಪುಸ್ತಕದ ಮೊತ್ತಮೊದಲ ಅಧ್ಯಾಯವಾಗಿ ಅದು ಎದುರಾಗುತ್ತದೆ. ಪದವಿಪೂರ್ವ ವಿಜ್ಞಾನ ವಿಭಾಗದ ಬೋಧನೆ ಬಹುತೇಕ ಇಂಗ್ಲಿಷಿನಲ್ಲಿ ನಡೆಯುವುದರಿಂದ, ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಗುವಿಗೆ ಹೊಸ ಭಾಷೆ, ಹೊಸ ಚಿಹ್ನೆ, ಹೊಸ ಬಗೆಯ ವಾದ ಮೂರೂ ಒಂದೇ ವಾರದಲ್ಲಿ ಎರಗುತ್ತವೆ. ಗಣಿತ ತನಗೆ ಹತ್ತದ ವಿದ್ಯೆ ಎಂದು ಆ ಮಗು ತೀರ್ಮಾನಿಸಿಬಿಡುವ ಅಪಾಯವಿರುವುದು ಆ ವಾರದಲ್ಲೇ.

ಆದರೆ ಈ ಅಧ್ಯಾಯದ ಸಾಧನೆಗಳಿಗೆ ಬೇಕಾದ ಬಂಡವಾಳ ಬಹಳ ಕಡಿಮೆ. ‘ಮತ್ತು’, ‘ಅಥವಾ’, ‘ಅಲ್ಲ’ ಎಂಬ ಮೂರು ಮಾತುಗಳ ಅರ್ಥ ಖಚಿತವಾಗಿ ಗೊತ್ತಿದ್ದರೆ ಉಳಿದದ್ದು ತಾಳ್ಮೆಯ ಕೆಲಸ. ಆ ಮೂರೂ ಮಾತುಗಳು ಕನ್ನಡದಲ್ಲಿ ಮಗುವಿಗೆ ಆಗಲೇ ಬಂದಿರುತ್ತವೆ.

ಎಂಟು ಬಡಾವಣೆ, ಮೂರು ಗಣ

ಮೈಸೂರು ನಗರದ ವಾಯವ್ಯಕ್ಕೆ, ಗೋಕುಲಂ ಮತ್ತು ಮೇಟಗಳ್ಳಿಗಳ ನೆರೆಯಲ್ಲಿ ಕುಂಬಾರಕೊಪ್ಪಲು ಇದೆ. ಕುಂಬಾರರ ಕೊಪ್ಪಲು ಎಂಬುದನ್ನು ಹೆಸರೇ ಸಾರುತ್ತದೆ. ನಗರ ಬೆಳೆದು ಸುತ್ತುವರಿದರೂ ಊರಿನ ಹೆಸರು ಉಳಿದುಕೊಂಡಿದೆ. ಮೈಸೂರಿನಲ್ಲಿ ಇಂತಹ ಕೊಪ್ಪಲುಗಳು ಹಲವು. ಈ ಹೆಸರುಗಳನ್ನೇ ಗಣಿತದ ಸಾಮಗ್ರಿಯಾಗಿ ಬಳಸಬಹುದು.

ವಿಶ್ವಗಣವಾಗಿ ಎಂಟು ಹೆಸರುಗಳನ್ನು ಇಟ್ಟುಕೊಳ್ಳೋಣ: ಕುಂಬಾರಕೊಪ್ಪಲು, ಕನ್ನೇಗೌಡನಕೊಪ್ಪಲು, ಒಂಟಿಕೊಪ್ಪಲು, ತೊಣಚಿಕೊಪ್ಪಲು, ಕುವೆಂಪುನಗರ, ಕ್ಯಾತಮಾರನಹಳ್ಳಿ, ಗೋಕುಲಂ, ಪಡುವಾರಹಳ್ಳಿ. ಇವುಗಳಲ್ಲಿ ‘ಕೊಪ್ಪಲು’ ಎಂದು ಮುಗಿಯುವವು ಎ ಗಣ. ‘ಕ’ ವ್ಯಂಜನದಿಂದ ಆರಂಭವಾಗುವವು ಬಿ ಗಣ. ಗುಣಿತಾಕ್ಷರ, ಒತ್ತಕ್ಷರಗಳೂ ಇದರಲ್ಲಿ ಸೇರುತ್ತವೆ. ಬರೆಯುವಾಗ ಎಲ್ಲಾದರೂ ಅನುಸ್ವಾರದ ಸೊನ್ನೆ ಬರುವಂತಹವು ಸಿ ಗಣ.

ಎ ಗಣದಲ್ಲಿ ನಾಲ್ಕು ಕೊಪ್ಪಲುಗಳಿವೆ. ಬಿ ಗಣದಲ್ಲಿ ಕುಂಬಾರಕೊಪ್ಪಲು, ಕನ್ನೇಗೌಡನಕೊಪ್ಪಲು, ಕುವೆಂಪುನಗರ, ಕ್ಯಾತಮಾರನಹಳ್ಳಿ. ಸಿ ಗಣದಲ್ಲಿ ಕುಂಬಾರಕೊಪ್ಪಲು, ಒಂಟಿಕೊಪ್ಪಲು, ಕುವೆಂಪುನಗರ, ಗೋಕುಲಂ. ಮೂರರಲ್ಲೂ ಇರುವುದು ಕುಂಬಾರಕೊಪ್ಪಲು ಒಂದೇ. ಯಾವುದರಲ್ಲೂ ಇಲ್ಲದ್ದು ಪಡುವಾರಹಳ್ಳಿ.

ಎರಡು ಗಣಗಳ ಪೈಕಿ ಒಂದರಲ್ಲಾದರೂ ಇರುವ ಸದಸ್ಯರನ್ನೆಲ್ಲ ಕೂಡಿಸಿದರೆ ಸಂಯೋಗ ಗಣ. ಅದರ ಚಿಹ್ನೆ ∪. ಎರಡರಲ್ಲೂ ಇರುವವರನ್ನು ಮಾತ್ರ ಆರಿಸಿದರೆ ಛೇದನ ಗಣ, ಚಿಹ್ನೆ ∩. ಇಟಲಿಯ ಗಣಿತಜ್ಞ ಪಿಯಾನೊ 1888ರಲ್ಲಿ ಬಳಕೆಗೆ ತಂದ ಚಿಹ್ನೆಗಳಿವು. ಮಕ್ಕಳು ಇವನ್ನು ಅದಲುಬದಲು ಮಾಡಿಕೊಳ್ಳುವುದುಂಟು. ಮೇಲ್ಮುಖವಾದ ಬಟ್ಟಲು ಎಲ್ಲವನ್ನೂ ತುಂಬಿಕೊಳ್ಳುತ್ತದೆ, ಕವುಚಿದ ಬಟ್ಟಲಿನಡಿ ಸ್ವಲ್ಪವೇ ಸಿಗುತ್ತದೆ ಎಂದು ನೆನಪಿಟ್ಟರಾಯಿತು.

ವಿಭಾಜಕ ನಿಯಮ ಹೀಗಿದೆ: ಎ ∪ (ಬಿ ∩ ಸಿ) = (ಎ ∪ ಬಿ) ∩ (ಎ ∪ ಸಿ). ಸಂಖ್ಯೆಗಳಲ್ಲಿ ಗುಣಾಕಾರವು ಸಂಕಲನದ ಮೇಲೆ ಹಂಚಿಕೆಯಾಗುತ್ತದೆಯೇ ಹೊರತು ಸಂಕಲನವು ಗುಣಾಕಾರದ ಮೇಲೆ ಆಗುವುದಿಲ್ಲ. 2 + (3 × 4) ಎಂದರೆ 14. (2 + 3) × (2 + 4) ಎಂದರೆ 30. ಗಣಗಳಲ್ಲಾದರೋ ಎರಡೂ ದಿಕ್ಕಿನ ಹಂಚಿಕೆ ಸರಿಹೋಗುತ್ತದೆ. ಆದ್ದರಿಂದ ಸಂಖ್ಯೆಗಳ ಅಭ್ಯಾಸಬಲದಿಂದ ಇದನ್ನು ಒಪ್ಪಿಕೊಳ್ಳುವಂತಿಲ್ಲ, ಕಾರಣ ಕೇಳಲೇಬೇಕು.

ಮೊದಲು ತಾಳೆ ನೋಡುವುದು. ಬಿ, ಸಿ ಎರಡರಲ್ಲೂ ಇರುವುದು ಕುಂಬಾರಕೊಪ್ಪಲು ಮತ್ತು ಕುವೆಂಪುನಗರ. ಅವುಗಳಿಗೆ ನಾಲ್ಕು ಕೊಪ್ಪಲುಗಳನ್ನು ಕೂಡಿಸಿದರೆ, ಕುಂಬಾರಕೊಪ್ಪಲು ಎರಡು ಬಾರಿ ಲೆಕ್ಕಕ್ಕೆ ಬಾರದ್ದರಿಂದ, ಎಡಬದಿಯಲ್ಲಿ ಐದು ಹೆಸರುಗಳಾಗುತ್ತವೆ. ಬಲಬದಿಯಲ್ಲಿ ಎ ∪ ಬಿ ಎಂಬುದು ನಾಲ್ಕು ಕೊಪ್ಪಲುಗಳು, ಕುವೆಂಪುನಗರ ಮತ್ತು ಕ್ಯಾತಮಾರನಹಳ್ಳಿ. ಎ ∪ ಸಿ ಎಂಬುದು ನಾಲ್ಕು ಕೊಪ್ಪಲುಗಳು, ಕುವೆಂಪುನಗರ ಮತ್ತು ಗೋಕುಲಂ. ಎರಡಕ್ಕೂ ಸಮಾನವಾದವು ಅದೇ ಐದು. ತಾಳೆಯಾಯಿತು.

ಸುಳ್ಳೂ ತಾಳೆಯಾಗಬಲ್ಲದು

ಇಷ್ಟಕ್ಕೆ ನಿಲ್ಲಿಸಿದರೆ ತಪ್ಪೇನು? ಇನ್ನೊಂದು ಹೇಳಿಕೆಯನ್ನು ಪರೀಕ್ಷೆಗೆ ಒಡ್ಡಿದರೆ ಉತ್ತರ ತಿಳಿಯುತ್ತದೆ. ಎ − ಬಿ ಎಂದರೆ ಎ ಗಣದಲ್ಲಿದ್ದು ಬಿ ಗಣದಲ್ಲಿ ಇಲ್ಲದವುಗಳ ಗಣ. ಈಗ, ಎ − (ಬಿ − ಸಿ) = (ಎ − ಬಿ) − ಸಿ ಎಂದು ಯಾರೋ ಹೇಳುತ್ತಾರೆ ಎನ್ನೋಣ. ಆವರಣ ಚಿಹ್ನೆಯನ್ನು ಆಚೀಚೆ ಸರಿಸಿದ್ದಷ್ಟೇ, ನೋಡಲು ಅಂದವಾಗಿಯೇ ಇದೆ.

ಇದನ್ನು ತಾಳೆ ನೋಡುವವರು ಎಂಟು ಹೆಸರುಗಳ ಬದಲು ಆರನ್ನು ಮಾತ್ರ ತೆಗೆದುಕೊಂಡು, ಕುಂಬಾರಕೊಪ್ಪಲು ಮತ್ತು ಒಂಟಿಕೊಪ್ಪಲುಗಳನ್ನು ಬಿಟ್ಟರೆಂದಿಟ್ಟುಕೊಳ್ಳಿ. ಆಗ ಎ ಗಣದಲ್ಲಿ ಉಳಿಯುವುದು ಕನ್ನೇಗೌಡನಕೊಪ್ಪಲು ಮತ್ತು ತೊಣಚಿಕೊಪ್ಪಲು. ಬಿ − ಸಿ ಎಂಬುದು ಕನ್ನೇಗೌಡನಕೊಪ್ಪಲು ಮತ್ತು ಕ್ಯಾತಮಾರನಹಳ್ಳಿ. ಎಡಬದಿಯಲ್ಲಿ ತೊಣಚಿಕೊಪ್ಪಲು ಒಂದೇ ಉಳಿಯುತ್ತದೆ. ಬಲಬದಿಯಲ್ಲೂ ಅದೊಂದೇ. ಆರು ಬಡಾವಣೆಗಳ ಸಾಕ್ಷ್ಯದ ಮೇಲೆ ಹೇಳಿಕೆ ಸರಿಯೆಂದು ತೀರ್ಪು ಕೊಟ್ಟಂತಾಯಿತು.

ಬಿಟ್ಟ ಎರಡನ್ನೂ ಮರಳಿ ಸೇರಿಸಿದೊಡನೆ ತೀರ್ಪು ಮುರಿದುಬೀಳುತ್ತದೆ. ಕುಂಬಾರಕೊಪ್ಪಲು ಎ ಗಣದಲ್ಲಿದೆ. ಅದು ಸಿ ಗಣದಲ್ಲೂ ಇರುವುದರಿಂದ ಬಿ − ಸಿ ಯಲ್ಲಿ ಇಲ್ಲ. ಹಾಗಾಗಿ ಎಡಬದಿಯಲ್ಲಿ ಉಳಿಯುತ್ತದೆ. ಬಲಬದಿಯಲ್ಲಿ ಮೊದಲ ಹೆಜ್ಜೆಗೇ ಬಿ ಗಣದ ಸದಸ್ಯವೆಂದು ಹೊರಗೆ ಹೋಗುತ್ತದೆ. ಹೇಳಿಕೆಯನ್ನು ಸುಳ್ಳಾಗಿಸಲು ಈ ಒಂದು ಊರು ಸಾಕು. ಗಣಿತದಲ್ಲಿ ಇದಕ್ಕೆ ಪ್ರತ್ಯುದಾಹರಣೆ ಎನ್ನುತ್ತಾರೆ. ಸುಳ್ಳನ್ನು ಕೆಡವಲು ಒಂದು ಉದಾಹರಣೆ ಸಾಕು, ಆದರೆ ಎಷ್ಟು ಉದಾಹರಣೆಗಳನ್ನು ಗುಡ್ಡೆ ಹಾಕಿದರೂ ನಿಜವನ್ನು ಸಾಧಿಸಿದಂತಾಗುವುದಿಲ್ಲ. ವಿದ್ಯಾರ್ಥಿಗೆ ಮೊದಲು ಮನದಟ್ಟಾಗಬೇಕಾದದ್ದು ಈ ಅಸಮತೆ.

ಒಬ್ಬ ಸದಸ್ಯನ ಬೆನ್ನು ಹತ್ತುವುದು

ಹಾಗಾದರೆ ಎಲ್ಲ ಗಣಗಳ ಬಗೆಗೂ ಒಮ್ಮೆಲೇ ಮಾತನಾಡುವುದು ಹೇಗೆ? ಗಣಗಳ ಕುರಿತು ಮಾತನಾಡುವುದನ್ನೇ ಬಿಟ್ಟು, ಒಬ್ಬ ಸದಸ್ಯನ ಕುರಿತು ಮಾತನಾಡಬೇಕು. ಎಡಬದಿಯಿಂದ ಯಾವುದೋ ಒಂದು ಗಣಾಂಶವನ್ನು ಹಿಡಿದು ಅದಕ್ಕೆ ‘ಎಕ್ಸ್’ ಎಂದು ಹೆಸರಿಡುವುದು. ಅದು ಎಡಬದಿಯಲ್ಲಿದೆ ಎಂಬುದೊಂದನ್ನುಳಿದು ಬೇರೇನೂ ಅದರ ಬಗ್ಗೆ ಗೊತ್ತಿಲ್ಲವೆಂದು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವುದು. ಅಷ್ಟರಿಂದಲೇ ಅದು ಬಲಬದಿಯಲ್ಲೂ ಇರಬೇಕೆಂದು ತೋರಿಸುವುದು. ಎಕ್ಸ್‌ಗೆ ವಿಶೇಷ ಗುಣ ಯಾವುದನ್ನೂ ಕೊಟ್ಟಿಲ್ಲವಾದ್ದರಿಂದ ಅದರ ಬಗ್ಗೆ ಹೇಳಿದ್ದು ಎಲ್ಲರಿಗೂ ಸಲ್ಲುತ್ತದೆ. ಬಳಿಕ ಬಲದಿಂದ ಎಡಕ್ಕೆ ಅದೇ ಕೆಲಸ. ಎರಡೂ ಪಯಣ ಮುಗಿದರೆ ಎರಡೂ ಗಣಗಳು ಒಂದರೊಳಗೊಂದು ಉಪಗಣಗಳು, ಅಂದರೆ ಸಮ.

ವಿಭಾಜಕ ನಿಯಮಕ್ಕೆ ಇದನ್ನು ಅನ್ವಯಿಸಿ ನೋಡಬಹುದು. ಎಕ್ಸ್ ಎಡಬದಿಯ ಎ ∪ (ಬಿ ∩ ಸಿ) ಗಣದಲ್ಲಿದೆ. ಎಕ್ಸ್ ಎ ಗಣದಲ್ಲೇ ಇದ್ದರೆ ಅದು ಎ ∪ ಬಿ ಯಲ್ಲೂ ಎ ∪ ಸಿ ಯಲ್ಲೂ ಇರಲೇಬೇಕು. ಆದ್ದರಿಂದ ಅವೆರಡರ ಛೇದನದಲ್ಲಿದೆ. ಎ ಗಣದಲ್ಲಿ ಇಲ್ಲದಿದ್ದರೆ ಬಿ ∩ ಸಿ ಯಲ್ಲಿರಬೇಕು, ಅಂದರೆ ಬಿ ಯಲ್ಲೂ ಇದೆ, ಸಿ ಯಲ್ಲೂ ಇದೆ. ಆಗಲೂ ಅದು ಎ ∪ ಬಿ ಯಲ್ಲೂ ಎ ∪ ಸಿ ಯಲ್ಲೂ ಇರುತ್ತದೆ. ಒಂದು ದಿಕ್ಕು ಮುಗಿಯಿತು.

ಮರಳುವ ದಾರಿ ಸ್ವಲ್ಪ ಹುಷಾರಿನದು. ಅಂಕ ಕಳೆದುಕೊಳ್ಳುವ ಸ್ಥಳವೂ ಇದೇ. ಎಕ್ಸ್ ಈಗ ಎ ∪ ಬಿ ಯಲ್ಲೂ ಎ ∪ ಸಿ ಯಲ್ಲೂ ಇದೆ ಎಂದಷ್ಟೇ ಗೊತ್ತು. ಆದ್ದರಿಂದ ‘ಎಕ್ಸ್ ಬಿ ಯಲ್ಲಿದೆ’ ಎಂದು ಬರೆಯುವ ಅವಸರ ಸಲ್ಲದು. ಅದು ಎ ಯಲ್ಲಿ ಮಾತ್ರ ಇದ್ದಿರಬಹುದು. ಸರಿಯಾದ ಉಪಾಯವೆಂದರೆ ಪುನಃ ‘ಎ ಯಲ್ಲಿದೆಯೇ, ಇಲ್ಲವೇ’ ಎಂದು ಕೇಳುವುದು. ಇದ್ದರೆ ಎಡಬದಿಯಲ್ಲಿದೆ, ಕೆಲಸ ಮುಗಿಯಿತು. ಇಲ್ಲದಿದ್ದರೆ, ಎ ∪ ಬಿ ಯಲ್ಲಿರುವುದರಿಂದ ಬಿ ಯಲ್ಲಿ ಇರಲೇಬೇಕು. ಎ ∪ ಸಿ ಯಲ್ಲಿರುವುದರಿಂದ ಸಿ ಯಲ್ಲಿ ಇರಲೇಬೇಕು. ಆದ್ದರಿಂದ ಬಿ ∩ ಸಿ ಯಲ್ಲಿದೆ. ಸಾಧಿಸಿದಂತಾಯಿತು. ಇಡೀ ಸಾಧನೆ ಅರ್ಧ ಪುಟವನ್ನೂ ಮೀರುವುದಿಲ್ಲ. ಇದರಲ್ಲಿ ಬಡಾವಣೆಯ ಹೆಸರು ಒಂದೂ ಬರಲಿಲ್ಲ ಎಂಬುದು ಗಮನಾರ್ಹ.

ಹಾಗೆಂದು ಎಂಟು ಬಡಾವಣೆಗಳ ಶ್ರಮ ವ್ಯರ್ಥವಾಗಲಿಲ್ಲ. ಮೂರು ಗಣಗಳಿದ್ದಾಗ ಯಾವುದೇ ಗಣಾಂಶಕ್ಕೆ ಮೂರು ಪ್ರಶ್ನೆ ಕೇಳಬಹುದು: ಎ ಯಲ್ಲಿದ್ದೀಯಾ, ಬಿ ಯಲ್ಲಿದ್ದೀಯಾ, ಸಿ ಯಲ್ಲಿದ್ದೀಯಾ? ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ ಎಂಬ ಎರಡೇ ಉತ್ತರ. ಆದ್ದರಿಂದ ಗಣಾಂಶಗಳಲ್ಲಿ 2 × 2 × 2, ಅಂದರೆ ಎಂಟೇ ಬಗೆ. ಸಂಯೋಗ, ಛೇದನ, ವ್ಯತ್ಯಾಸಗಳಿಂದ ಕಟ್ಟಿದ ಯಾವುದೇ ಗಣದಲ್ಲಿ ಒಂದು ಗಣಾಂಶ ಇದೆಯೋ ಇಲ್ಲವೋ ಎಂಬುದು ಅದು ಯಾವ ಬಗೆಯದು ಎಂಬುದನ್ನು ಮಾತ್ರ ಅವಲಂಬಿಸುತ್ತದೆ. ಮೇಲಿನ ಎಂಟು ಹೆಸರುಗಳನ್ನು ಮತ್ತೊಮ್ಮೆ ನೋಡಿದರೆ ಪ್ರತಿ ಬಗೆಗೂ ಒಂದೊಂದು ಊರು ಇರುವುದು ಕಾಣುತ್ತದೆ: ಮೂರರಲ್ಲೂ ಇರುವ ಕುಂಬಾರಕೊಪ್ಪಲು, ಎ ಮತ್ತು ಬಿ ಯಲ್ಲಿ ಮಾತ್ರ ಇರುವ ಕನ್ನೇಗೌಡನಕೊಪ್ಪಲು, ಸಿ ಯಲ್ಲಿ ಮಾತ್ರ ಇರುವ ಗೋಕುಲಂ, ಹೀಗೆ. ಎಂಟೂ ಬಗೆಗಳು ಹಾಜರಿವೆ ಎಂದು ಮೊದಲು ತೋರಿಸಿ, ಬಳಿಕ ಎಂಟನ್ನೂ ಪರೀಕ್ಷಿಸಿದರೆ ಆ ತಾಳೆ ನೋಡುವಿಕೆಯೇ ಸಾಧನೆಯಾಗುತ್ತದೆ. ಆರು ಹೆಸರುಗಳ ಪರೀಕ್ಷೆ ಮೋಸ ಮಾಡಿದ್ದು ಎರಡು ಬಗೆಗಳು ಗೈರುಹಾಜರಾಗಿದ್ದುದರಿಂದ.

ವೆನ್ ನಕ್ಷೆಯ ಮಹತ್ವವೂ ಮಿತಿಯೂ ಇಲ್ಲೇ ಇದೆ. ಇಂಗ್ಲೆಂಡಿನ ಜಾನ್ ವೆನ್ 1880ರಲ್ಲಿ ಪ್ರಕಟಿಸಿದ ಪದ್ಧತಿಯಂತೆ ಒಂದನ್ನೊಂದು ಕತ್ತರಿಸುವ ಮೂರು ವೃತ್ತಗಳನ್ನು ಬರೆದರೆ ಹೊರಗಿನದೂ ಸೇರಿ ಎಂಟು ವಲಯಗಳಾಗುತ್ತವೆ. ಪ್ರತಿ ಬಗೆಗೆ ಒಂದು ವಲಯ. ಹಾಗೆ ಬರೆದ ನಕ್ಷೆಯಿಂದ ಮಾಡಿದ ವಾದ ದೋಷರಹಿತ. ವೃತ್ತಗಳು ತಾಗದಂತೆ ಬರೆದರೆ ಬಗೆಗಳು ಕಾಣೆಯಾಗಿ ಆರು ಬಡಾವಣೆಗಳ ಕತೆಯೇ ಮರುಕಳಿಸುತ್ತದೆ. ಗಣಗಳು ನಾಲ್ಕಾದರೆ ಹದಿನಾರು ಬಗೆ ಬೇಕು. ನಾಲ್ಕು ವೃತ್ತಗಳು ಹೇಗೆ ಕತ್ತರಿಸಿದರೂ ಹದಿನಾಲ್ಕಕ್ಕಿಂತ ಹೆಚ್ಚು ವಲಯ ಕೊಡಲಾರವು. ವೆನ್ ಅದಕ್ಕಾಗಿ ದೀರ್ಘವೃತ್ತಗಳ ಮೊರೆಹೋಗಬೇಕಾಯಿತು. ಎಕ್ಸ್‌ನ ಬೆನ್ನು ಹತ್ತುವ ವಿಧಾನಕ್ಕೆ ಈ ಕಷ್ಟವಿಲ್ಲ.

‘ಮತ್ತು’ ಒಡ್ಡುವ ಬಲೆ

ಇನ್ನು ಭಾಷೆಯ ವಿಚಾರ. ‘ಕುಂಬಾರಕೊಪ್ಪಲು ಮತ್ತು ಮೇಟಗಳ್ಳಿಯ ನಿವಾಸಿಗಳು ಸಭೆಗೆ ಬರಬೇಕು’ ಎಂಬ ಪ್ರಕಟಣೆ ಇದ್ದರೆ ಎರಡೂ ಕಡೆ ಮನೆ ಇರುವವರಷ್ಟೇ ಬರಬೇಕೆಂದು ಯಾರೂ ತಿಳಿಯುವುದಿಲ್ಲ. ಇಲ್ಲಿ ‘ಮತ್ತು’ ಎಂಬುದು ಸಂಯೋಗ. ಆದರೆ ಗಣಿತದ ತರಗತಿಯಲ್ಲಿ ‘ಮತ್ತು ಎಂದರೆ ಛೇದನ’ ಎಂದು ಹೇಳಿಕೊಡುತ್ತಾರೆ. ಮಗು ಗೊಂದಲಗೊಂಡರೆ ತಪ್ಪು ಮಗುವಿನದಲ್ಲ. ಪ್ರಕಟಣೆಯ ‘ಮತ್ತು’ ಎರಡು ಗುಂಪುಗಳನ್ನು ಜೋಡಿಸುತ್ತದೆ. ಗಣಿತದ ‘ಮತ್ತು’ ಒಬ್ಬನೇ ವ್ಯಕ್ತಿಯ ಬಗೆಗಿನ ಎರಡು ಹೇಳಿಕೆಗಳನ್ನು ಜೋಡಿಸುತ್ತದೆ. ‘ಎಕ್ಸ್ ಇಲ್ಲಿದೆ ಮತ್ತು ಎಕ್ಸ್ ಅಲ್ಲಿಯೂ ಇದೆ’ ಎಂದು ಪೂರ್ತಿ ವಾಕ್ಯ ಬರೆಯುವ ಅಭ್ಯಾಸವಿದ್ದರೆ ಈ ಗೊಂದಲಕ್ಕೆ ಎಡೆಯೇ ಇರುವುದಿಲ್ಲ.

‘ಅಥವಾ’ ಕೂಡ ಹೀಗೆಯೇ. ಹೋಟೆಲಿನಲ್ಲಿ ಕಾಫಿ ಅಥವಾ ಚಹಾ ಎಂದರೆ ಎರಡರಲ್ಲೊಂದು. ‘ಎಸ್ಸೆಸ್ಸೆಲ್ಸಿ ಅಥವಾ ಪಿಯುಸಿ ತೇರ್ಗಡೆಯಾದವರು ಅರ್ಜಿ ಸಲ್ಲಿಸಬಹುದು’ ಎಂದರೆ ಎರಡೂ ತೇರ್ಗಡೆಯಾದವರಿಗೆ ಬಾಗಿಲು ಮುಚ್ಚಿಲ್ಲ. ಗಣಿತದ ‘ಅಥವಾ’ ಹೋಟೆಲಿನದಲ್ಲ, ಅರ್ಜಿಯದು.

‘ಅಲ್ಲ’, ‘ಇಲ್ಲ’ಗಳಿಗೆ ಬಂದಾಗ ಕನ್ನಡ ವಿದ್ಯಾರ್ಥಿಯ ಕೈಹಿಡಿಯುತ್ತದೆ. ‘ಚೀಲದಲ್ಲಿ ಪೆನ್ನಾಗಲಿ ಪೆನ್ಸಿಲ್ಲಾಗಲಿ ಇಲ್ಲ’ ಎಂಬ ವಾಕ್ಯವನ್ನು ಯಾವ ಮಗುವೂ ‘ಪೆನ್ನೂ ಇಲ್ಲ, ಪೆನ್ಸಿಲ್ಲೂ ಇಲ್ಲ’ ಎಂದೇ ಗ್ರಹಿಸುತ್ತದೆ. ‘ಆಗಲಿ’ ಎಂಬ ವಿಕಲ್ಪ ನಿಷೇಧಕ್ಕೆ ಸಿಕ್ಕಿದೊಡನೆ ‘ಊ’ ಎಂಬ ಸಮುಚ್ಚಯವಾಗಿ ಮಾರ್ಪಟ್ಟಿತು. ಇದುವೇ ಡಿ ಮಾರ್ಗನ್ನನ ಮೊದಲನೆಯ ನಿಯಮ: ಎ ∪ ಬಿ ಯ ಪೂರಕ ಗಣ, ಎ ಯ ಪೂರಕ ಹಾಗೂ ಬಿ ಯ ಪೂರಕಗಳ ಛೇದನಕ್ಕೆ ಸಮ. ಪೂರಕ ಗಣವೆಂದರೆ ವಿಶ್ವಗಣದಲ್ಲಿ ಉಳಿದವರೆಲ್ಲ. ಕೊಪ್ಪಲೂ ಅಲ್ಲದ, ‘ಕ’ಕಾರದಿಂದಲೂ ಆರಂಭವಾಗದ ಹೆಸರುಗಳು ಗೋಕುಲಂ ಮತ್ತು ಪಡುವಾರಹಳ್ಳಿ ಎರಡೇ.

ಎರಡನೆಯ ನಿಯಮದಲ್ಲಿ ಮಾತ್ರ ಮಾತು ಕೈಕೊಡುತ್ತದೆ. ಎ ∩ ಬಿ ಯ ಪೂರಕವನ್ನು ಬಾಯಿಮಾತಿನಲ್ಲಿ ‘ಎರಡೂ ಅಲ್ಲದವು’ ಎಂದರೆ ಮೇಲಿನ ಎರಡು ಊರುಗಳೇ ಮತ್ತೆ ಬರುತ್ತವೆ. ಅದು ತಪ್ಪು. ‘ಎರಡೂ ಹೌದು ಎಂಬುದು ಸುಳ್ಳಾಗಿರುವವು’ ಎನ್ನಬೇಕು. ಅಂದರೆ ಎರಡರಲ್ಲಿ ಒಂದಾದರೂ ತಪ್ಪಿರುವವು. ಎ ∩ ಬಿ ಯಲ್ಲಿರುವುದು ಕುಂಬಾರಕೊಪ್ಪಲು ಮತ್ತು ಕನ್ನೇಗೌಡನಕೊಪ್ಪಲು. ಪೂರಕದಲ್ಲಿ ಉಳಿದ ಆರೂ ಇವೆ. ಆದ್ದರಿಂದ ಬಲಬದಿಯಲ್ಲಿ ಪೂರಕಗಳ ಛೇದನವಲ್ಲ, ಸಂಯೋಗ ಬರಬೇಕು.

ಈ ನಿಯಮಗಳಿಗೆ ಹೆಸರು ಕೊಟ್ಟ ಅಗಸ್ಟಸ್ ಡಿ ಮಾರ್ಗನ್ ಹುಟ್ಟಿದ್ದು ನೆರೆಯ ತಮಿಳುನಾಡಿನ ಮಧುರೆಯಲ್ಲಿ, 1806ರಲ್ಲಿ. ತಂದೆ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ. ಏಳು ತಿಂಗಳ ಕೂಸಾಗಿದ್ದಾಗಲೇ ಕುಟುಂಬ ಇಂಗ್ಲೆಂಡಿಗೆ ಮರಳಿತು. ಮುಂದೆ ಲಂಡನ್ನಿನಲ್ಲಿ ಪ್ರಾಧ್ಯಾಪಕನಾದ ಆತ ದೆಹಲಿಯ ಗಣಿತ ಶಿಕ್ಷಕ ರಾಮಚಂದ್ರ ಅವರ ಗ್ರಂಥವನ್ನು ಮೆಚ್ಚಿ, 1859ರಲ್ಲಿ ತನ್ನ ಮುನ್ನುಡಿಯೊಂದಿಗೆ ಅಲ್ಲಿ ಪ್ರಕಟವಾಗುವಂತೆ ಮಾಡಿದ್ದೂ ಉಂಟು. ಕ್ಯಾಂಟರ್ ಗಣಸಿದ್ಧಾಂತದ ಮೊದಲ ಪ್ರಬಂಧವನ್ನು ಪ್ರಕಟಿಸಿದ್ದು 1874ರಲ್ಲಿ, ಡಿ ಮಾರ್ಗನ್ ತೀರಿಕೊಂಡ ಮೂರು ವರ್ಷಗಳ ನಂತರ. ತನ್ನ ಹೆಸರು ಗಣಗಳ ಪಾಠದಲ್ಲಿ ಸೇರಿದ್ದನ್ನು ಆತ ಕಾಣಲೇ ಇಲ್ಲ. ಆತ ಬರೆದದ್ದು ತರ್ಕದ ಬಗ್ಗೆ.

ಕೆಟ್ಟ ಹೇಳಿಕೆಯ ರಿಪೇರಿ

ಮುರಿದುಬಿದ್ದ ಹೇಳಿಕೆಯನ್ನು ಅಲ್ಲಿಗೇ ಬಿಡಬೇಕಿಲ್ಲ. ಎ − (ಬಿ − ಸಿ) ನಿಜವಾಗಿ ಯಾವುದಕ್ಕೆ ಸಮ ಎಂಬುದನ್ನು ಈಗ ಕಂಡುಹಿಡಿಯಬಹುದು. ಎಕ್ಸ್ ಎಡಬದಿಯಲ್ಲಿದೆ ಎಂದರೆ ಅದು ಎ ಯಲ್ಲಿದೆ, ಮತ್ತು ‘ಬಿ ಯಲ್ಲಿದ್ದು ಸಿ ಯಲ್ಲಿಲ್ಲ’ ಎಂಬುದು ಅದರ ಮಟ್ಟಿಗೆ ಸುಳ್ಳು. ಆ ಜೋಡಿ ಹೇಳಿಕೆ ಸುಳ್ಳಾಗಬೇಕಾದರೆ, ಡಿ ಮಾರ್ಗನ್ನನ ಎರಡನೆಯ ನಿಯಮದಂತೆ, ಅದರ ಒಂದು ಭಾಗವಾದರೂ ತಪ್ಪಿರಬೇಕು: ಎಕ್ಸ್ ಬಿ ಯಲ್ಲಿಲ್ಲ, ಅಥವಾ ಎಕ್ಸ್ ಸಿ ಯಲ್ಲಿದೆ. ಎ ಯಲ್ಲಿದ್ದು ಬಿ ಯಲ್ಲಿಲ್ಲದಿದ್ದರೆ ಅದು ಎ − ಬಿ ಯ ಸದಸ್ಯ. ಎ ಯಲ್ಲೂ ಸಿ ಯಲ್ಲೂ ಇದ್ದರೆ ಎ ∩ ಸಿ ಯ ಸದಸ್ಯ. ಈ ಹೆಜ್ಜೆಗಳಲ್ಲಿ ಒಂದನ್ನೂ ಬಿಡದೆ ಹಿಂದಕ್ಕೂ ನಡೆಯಬಹುದು. ಆದ್ದರಿಂದ ಎ − (ಬಿ − ಸಿ) = (ಎ − ಬಿ) ∪ (ಎ ∩ ಸಿ).

ಎಂಟು ಹೆಸರುಗಳ ಮೇಲೆ ಇಟ್ಟು ನೋಡಿದರೆ ಎಡಬದಿಯಲ್ಲಿ ಕುಂಬಾರಕೊಪ್ಪಲು, ಒಂಟಿಕೊಪ್ಪಲು, ತೊಣಚಿಕೊಪ್ಪಲು ಸಿಗುತ್ತವೆ. ಬಲಬದಿಯ ಎ − ಬಿ ಯಲ್ಲಿ ಒಂಟಿಕೊಪ್ಪಲು ಮತ್ತು ತೊಣಚಿಕೊಪ್ಪಲು ಇವೆ. ಎ ∩ ಸಿ ಯಲ್ಲಿ ಒಂಟಿಕೊಪ್ಪಲಿನ ಜೊತೆಗೆ ಕುಂಬಾರಕೊಪ್ಪಲು ಇದೆ.